ನ್ಯೂಜಿಲೆಂಡ್ ಪ್ರವಾಸ: ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ

ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ನೇರ ವಿಮಾನವಿಲ್ಲ. ಸಿಂಗಪುರದಲ್ಲೋ ಮತ್ತೊಂದು ನಗರದಲ್ಲೋ ವಿಮಾನ ಬದಲಿಸಿ ಆಕ್ಲೆಂಡ್ ತಲುಪುವ ಹೊತ್ತಿಗೆ ಹೆಚ್ಚುಕಡಿಮೆ ಒಂದಿಡೀ ದಿನ ಕಳೆದಿರುತ್ತದೆ. ಅಲ್ಲಿನ ಒಂದು ಡಾಲರ್ ಎಂದರೆ ನಮ್ಮ ಸುಮಾರು ಐವತ್ತು ರೂಪಾಯಿ. ಇಷ್ಟು ದೂರದ, ಇಷ್ಟು ದುಬಾರಿಯಾದ ಪ್ರವಾಸಕ್ಕೆ ಹೊರಡುವವರಿಗೆ ಟೂರ್ ಕಂಪನಿಗಳು ಕೊಡುವ ಪಟ್ಟಿಯಲ್ಲಿ ಬಂಜಿ ಜಿಗಿತ, ಜೆಟ್ ಬೋಟ್, ಹೆಲಿಕಾಪ್ಟರ್ ಸವಾರಿ, ಎತ್ತರದ ಗೋಪುರ ಇವೇ ತುಂಬಿರುತ್ತವೆ. ಎರಡೂ ದೊಡ್ಡ ದ್ವೀಪಗಳನ್ನು ಸ್ವತಃ ವಾಹನ ನಡೆಸಿಕೊಂಡು ಸುತ್ತಿ ಬಂದ ಮೇಲೆ ನನಗೆ ಅನ್ನಿಸಿರುವುದು ಬೇರೆ. ಆ ದೇಶ ಪ್ರವಾಸಿಗೆ ಕೊಡುವ ಅತ್ಯುತ್ತಮ ಸೇವೆ ಅಲ್ಲಿನ ಸರ್ಕಾರ ಕಾಪಾಡಿಕೊಂಡು ಬಂದಿರುವ ಕಾಲುದಾರಿಗಳು. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ನಡೆಯಲು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಕೈಯಲ್ಲಿರುವ ಹಣವನ್ನು ಆ ದಾರಿಗಳ ಬುಡಕ್ಕೆ ತಲುಪುವುದಕ್ಕೆ, ಅಂದರೆ ವಾಹನಕ್ಕೆ, ವಸತಿಗೆ ಮತ್ತು ಬೇರೆ ಉಪಾಯವೇ ಇಲ್ಲದ ಒಂದೆರಡು ದೋಣಿ ಪ್ರಯಾಣಗಳಿಗೆ ಮೀಸಲಿಡುವುದು ಒಳ್ಳೆಯದು.

ಪ್ರವೇಶದ ವಿಷಯ ಮೊದಲು. ಭಾರತದ ಪಾಸ್‌ಪೋರ್ಟ್ ಉಳ್ಳವರು ವೀಸಾ ಪಡೆದೇ ಹೊರಡಬೇಕು. ವೀಸಾ ಶುಲ್ಕದ ಜೊತೆಗೆ ತಲಾ 100 ಡಾಲರ್ ಪ್ರವಾಸಿ ಲೆವಿಯನ್ನೂ ಕಟ್ಟಬೇಕು. 2024ರ ಅಕ್ಟೋಬರ್‌ವರೆಗೆ ಇದು 35 ಡಾಲರ್ ಇತ್ತು. ಏರಿಕೆ ದೊಡ್ಡದೇ. ಆದರೆ ಈ ಹಣದ ಒಂದು ಪಾಲು ಪ್ರಕೃತಿ ಸಂರಕ್ಷಣೆಗೂ ಇನ್ನೊಂದು ಪಾಲು ಪ್ರವಾಸಿ ಸೌಕರ್ಯಗಳಿಗೂ ಹೋಗುತ್ತದೆ, ಮತ್ತು ಕಾಡಿನ ದಾರಿಗಳಲ್ಲಿ ಅದರ ಫಲ ಕಣ್ಣಿಗೆ ಕಾಣುತ್ತದೆ.

ನಮ್ಮವರು ಹೆಚ್ಚು ಎಚ್ಚರ ವಹಿಸಬೇಕಾದ ಜಾಗ ವಿಮಾನ ನಿಲ್ದಾಣದ ಜೈವಿಕ ಸುರಕ್ಷತಾ ತಪಾಸಣೆ. ದೂರದ ಪ್ರಯಾಣಕ್ಕೆ ಹೊರಟವರ ಚೀಲದಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಸಾರಿನಪುಡಿ, ಚಕ್ಕುಲಿ ಇರುವುದು ನಮ್ಮಲ್ಲಿ ವಾಡಿಕೆ. ಇವನ್ನು ಒಯ್ಯುವುದು ಅಪರಾಧವಲ್ಲ. ಘೋಷಣಾ ಪತ್ರದಲ್ಲಿ ಬರೆಯದೆ ಒಯ್ಯುವುದು ಅಪರಾಧ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ನಿಂತಲ್ಲೇ 400 ಡಾಲರ್ ದಂಡ. ತಾಜಾ ಹಣ್ಣು ಮತ್ತು ಜೇನುತುಪ್ಪವನ್ನಂತೂ ಮನೆಯಲ್ಲೇ ಬಿಟ್ಟು ಹೋಗಬೇಕು. ವಿಮಾನದಲ್ಲಿ ಕೊಟ್ಟ ಸೇಬುಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಮರೆತರೂ ದಂಡ ತಪ್ಪದು. ನಾವು ಎಲ್ಲವನ್ನೂ ಬರೆದು ಒಪ್ಪಿಸಿದೆವು. ಅಧಿಕಾರಿ ಒಂದೊಂದೇ ಪೊಟ್ಟಣವನ್ನು ತಿರುಗಿಸಿ ನೋಡಿ, ಏನೆಂದು ಕೇಳಿ, ಹಿಂತಿರುಗಿಸಿದರು. ಅದಕ್ಕಿಂತ ಹೆಚ್ಚಿನ ಹೊತ್ತು ಅವರು ನೋಡಿದ್ದು ಚಾರಣದ ಬೂಟುಗಳ ಅಡಿಭಾಗವನ್ನು. ಅಟ್ಟೆಯ ಸಂದಿನಲ್ಲಿ ಒಣಗಿದ ಮಣ್ಣು ಇದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿದರು. ಮನುಷ್ಯರು ಬರುವ ಮುಂಚೆ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಸಸ್ತನಿಯೇ ಇಲ್ಲದಿದ್ದ ದೇಶ ಅದು. ಹೊರಗಿನಿಂದ ಬಂದ ಇಲಿ, ಮುಂಗುಸಿಯಂಥ ಬೇಟೆಗಾರ ಸ್ಟೋಟ್, ಮರ ಹತ್ತುವ ಪಾಸಮ್ ಮುಂತಾದ ಪ್ರಾಣಿಗಳು ಅಲ್ಲಿನ ಪಕ್ಷಿಗಳನ್ನು ಹೇಗೆ ಮುಗಿಸಿದವು ಎಂಬುದನ್ನು ತಿಳಿದರೆ ಈ ಕಟ್ಟುನಿಟ್ಟು ಅತಿಯೆನಿಸುವುದಿಲ್ಲ.

ವಾಹನ ಎಡಗಡೆಗೇ ಓಡುತ್ತದೆ. ಇಂಗ್ಲಿಷಿನಲ್ಲಿರುವ ನಮ್ಮ ಚಾಲನಾ ಪರವಾನಗಿಯೂ ಅಲ್ಲಿ ನಡೆಯುತ್ತದೆ. ಹಾಗೆಂದು ನಮ್ಮ ರಸ್ತೆಗಳ ಅಭ್ಯಾಸ ಅಲ್ಲಿ ಸಾಲದು. ಊರಾಚೆ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 100 ಕಿಲೋಮೀಟರ್ ಇರುತ್ತದೆ, ಆದರೆ ದಕ್ಷಿಣ ದ್ವೀಪದ ಬೆಟ್ಟದ ತಿರುವುಗಳಲ್ಲಿ ಅದರ ಅರ್ಧ ವೇಗವೂ ಹೆಚ್ಚೆನಿಸುವ ಜಾಗಗಳಿವೆ. ನಕ್ಷೆ ಎರಡು ಗಂಟೆ ಎಂದರೆ ಮೂರು ಗಂಟೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಒಂದೇ ವಾಹನ ಹಾಯುವಷ್ಟು ಅಗಲದ ಸೇತುವೆಗಳು ಪದೇ ಪದೇ ಎದುರಾಗುತ್ತವೆ. ಮುಂಚೆಯೇ ನೆಟ್ಟಿರುವ ಫಲಕದಲ್ಲಿ ನಿಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ಎದುರಿನವರಿಗೆ ದಾರಿ ಬಿಟ್ಟು ನಿಲ್ಲಬೇಕು. ನೀಲಿ ಫಲಕದಲ್ಲಿ ದೊಡ್ಡ ಬಿಳಿ ಬಾಣವಿದ್ದರೆ ಮೊದಲು ಹೋಗುವ ಹಕ್ಕು ನಿಮ್ಮದು. ದಾಟಿದ ಮೇಲೆ ಕಾಯುತ್ತಿದ್ದವರಿಗೆ ಕೈಯೆತ್ತಿ ವಂದಿಸುವುದು ಅಲ್ಲಿನ ರೂಢಿ, ಅದನ್ನು ನಾವೂ ಬೇಗ ಕಲಿತೆವು.

ನಾವು ಪ್ರವಾಸದ ಒಂದು ಭಾಗಕ್ಕೆ ಕಾರನ್ನೂ ಇನ್ನೊಂದು ಭಾಗಕ್ಕೆ ಒಳಗೇ ಮಲಗುವ ಸೌಕರ್ಯವಿರುವ ಕ್ಯಾಂಪರ್‌ವ್ಯಾನನ್ನೂ ಬಾಡಿಗೆಗೆ ಪಡೆದೆವು. ವ್ಯಾನ್ ಕೊಟ್ಟ ಕಂಪನಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಆನ್‌ಲೈನಿನಲ್ಲಿ ತೋರಿಸಿದ ದಿನಬಾಡಿಗೆ ಕಡಿಮೆ ಇತ್ತು. ಕೀಲಿಕೈ ಪಡೆಯುವ ಹೊತ್ತಿಗೆ ವಿಮೆ, ಠೇವಣಿ, ಎರಡನೆಯ ಚಾಲಕನ ಶುಲ್ಕ, ಡೀಸೆಲ್ ವಾಹನಗಳಿಗೆ ಅಲ್ಲಿ ಕಿಲೋಮೀಟರ್ ಲೆಕ್ಕದಲ್ಲಿ ಬೀಳುವ ರಸ್ತೆ ತೆರಿಗೆ ಎಲ್ಲ ಸೇರಿ ಮೊತ್ತ ಬಹಳ ಏರಿತ್ತು. ಹೀಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಫೋನ್ ಮಾಡಿದರೆ ಮುಂದಿನ ದೊಡ್ಡ ಊರಿನ ಗ್ಯಾರೇಜಿಗೆ ಹೋಗಿ ಎಂಬ ಉತ್ತರ ಬಂತು. ಆದ್ದರಿಂದ ಕ್ಯಾಂಪರ್‌ವ್ಯಾನ್ ಅಗ್ಗ ಎಂಬ ಮಾತನ್ನು ಕಣ್ಣುಮುಚ್ಚಿ ನಂಬದೆ ಒಟ್ಟು ಲೆಕ್ಕವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಲೂ ಆಗದು. ವಾಹನದೊಳಗೆ ಸ್ಥಿರವಾದ ಶೌಚಾಲಯವೂ ವಾಹನಕ್ಕೆ ಅದರ ಪ್ರಮಾಣಪತ್ರವೂ ಇಲ್ಲದಿದ್ದರೆ ಹೆಚ್ಚಿನ ಕಡೆ ದಂಡ ಬೀಳುತ್ತದೆ. ಇದರ ಬದಲು ಊರೂರಿನಲ್ಲಿ ಇರುವ ಹಾಲಿಡೇ ಪಾರ್ಕ್ ಎಂಬ ತಂಗುದಾಣಗಳನ್ನು ಧಾರಾಳವಾಗಿ ಹೊಗಳಬಲ್ಲೆ. ಸ್ವಚ್ಛ ಸ್ನಾನಗೃಹ, ಬಟ್ಟೆ ಒಗೆಯುವ ಯಂತ್ರ, ಸಾಲಾಗಿ ಒಲೆಗಳಿರುವ ದೊಡ್ಡ ಅಡುಗೆಮನೆ, ಮಕ್ಕಳಿಗೆ ಆಟದ ಜಾಗ ಎಲ್ಲವೂ ಇರುತ್ತವೆ. ಸಣ್ಣ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಹೋಟೆಲಿನಲ್ಲಿ ಸಿಗುವುದು ಹುರಿದ ಆಲೂಗಡ್ಡೆ ಮತ್ತು ಪಿಜ್ಜಾ ಅಷ್ಟೇ ಆಗಿರುವಾಗ, ಸೂಪರ್‌ಮಾರ್ಕೆಟಿನ ಅಕ್ಕಿ ಬೇಳೆ ತಂದು ಅನ್ನ ಸಾರು ಮಾಡಿಕೊಳ್ಳಲು ಸಿಗುವ ಆ ಅಡುಗೆಮನೆಯ ಬೆಲೆ ತಿಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವುದು 1987ರಲ್ಲಿ ಆರಂಭವಾದ ಡಿಪಾರ್ಟ್‌ಮೆಂಟ್ ಆಫ್ ಕನ್ಸರ್ವೇಶನ್ ಎಂಬ ಸರ್ಕಾರಿ ಇಲಾಖೆ. ಜನ ಡಾಕ್ ಎಂದು ಕರೆಯುತ್ತಾರೆ. ಈ ಇಲಾಖೆಯ ಸೇವೆಗೆ ಅಂಕ ಕೊಡಬೇಕೆಂದರೆ ನಾನು ಪೂರ್ತಿ ಅಂಕ ಕೊಡುತ್ತೇನೆ. ದಕ್ಷಿಣ ದ್ವೀಪದ ಟೆ ಆನೌ ಊರಿನಿಂದ ಮಿಲ್‌ಫರ್ಡ್ ಸೌಂಡ್ ಎಂಬ ಕಡಲ ಕೊಲ್ಲಿಗೆ ಹೋಗುವ ದಾರಿಯಲ್ಲಿ ಡಿವೈಡ್ ಎಂಬ ಕಣಿವೆದಾರಿ ಇದೆ. ಅಲ್ಲಿಂದ ಕೀ ಸಮಿಟ್ ಎಂಬ 919 ಮೀಟರ್ ಎತ್ತರದ ಗುಡ್ಡಕ್ಕೆ ಹೋಗಿ ಬರಲು ಸುಮಾರು ಮೂರು ಗಂಟೆ ಬೇಕು ಎಂದು ಹಸಿರು ಹಳದಿ ಫಲಕ ತಿಳಿಸುತ್ತದೆ. ಡಾಕ್ ಫಲಕಗಳಲ್ಲಿ ದೂರಕ್ಕಿಂತ ನಡೆಯಲು ಹಿಡಿಯುವ ಹೊತ್ತಿಗೆ ಪ್ರಾಶಸ್ತ್ಯ. ಆ ಹೊತ್ತನ್ನು ಸಾಧಾರಣ ನಡಿಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರುತ್ತಾರೆ. ದಾರಿಯ ಮೊದಲ ಭಾಗ ಬೀಚ್ (beech) ಎಂಬ ಜಾತಿಯ ಮರಗಳ ಕಾಡು. ಕಾಂಡ, ಕೊಂಬೆ, ನೆಲ, ಬಂಡೆ ಎಲ್ಲದರ ಮೇಲೂ ಪಾಚಿ ಹೊದ್ದಿರುತ್ತದೆ. ನೀರು ಹರಿಯುವಲ್ಲೆಲ್ಲ ದಾರಿಯ ಅಡಿಗೆ ಸಣ್ಣ ತೂಬು ಕೂರಿಸಿ, ಮೇಲೆ ಜಲ್ಲಿ ಹಾಸಿ, ನಡೆಯುವವರ ಕಾಲು ಕೆಸರಿಗಿಳಿಯದಂತೆ ಮಾಡಿದ್ದಾರೆ. ನೆತ್ತಿಯ ಮೇಲಿನ ಜೌಗಿನಲ್ಲಿ ಹಲಗೆಯ ಸೇತು. ಅದರ ಪಕ್ಕದಲ್ಲಿ ಬಗ್ಗಿ ನೋಡಿದರೆ ಗುಂಡುಸೂಜಿಯ ತಲೆಯಷ್ಟು ಅಂಟುಹನಿಗಳನ್ನು ಹೊತ್ತ, ಕೀಟ ಹಿಡಿಯುವ ಡ್ರಾಸೆರಾ ಗಿಡಗಳು ಕೆಂಪಗೆ ಹರಡಿರುತ್ತವೆ. ಮೂರು ಕಡೆ ಮೂರು ಕಣಿವೆಗಳು, ಎದುರಿಗೆ ಹಿಮ ಹೊತ್ತ ಡ್ಯಾರನ್ ಶಿಖರಗಳು. ಅಷ್ಟು ಹೊತ್ತಿನಲ್ಲಿ ನಮಗೆ ಒಂದು ಪ್ಲಾಸ್ಟಿಕ್ ಚೂರೂ ಕಾಣಲಿಲ್ಲ, ಒಂದು ಅಂಗಡಿಯೂ ಕಾಣಲಿಲ್ಲ. ಕುಮಾರಪರ್ವತ, ಕೊಡಚಾದ್ರಿಯ ದಾರಿಗಳಲ್ಲಿ ವಾರಾಂತ್ಯದ ನಂತರ ಉಳಿಯುವ ಕಸವನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. ಅಂಥ ನಿರ್ವಹಣೆ ನಮ್ಮಲ್ಲೂ ಸಾಧ್ಯವಾಗಬೇಕೆಂಬ ಆಸೆ ನನಗೆ ಬಲವಾಗಿದೆ.

ಅಲ್ಲಿಂದ ಮುಂದೆ 1954ರಲ್ಲಿ ತೆರೆದ ಹೋಮರ್ ಸುರಂಗ. ಸುಮಾರು 1.2 ಕಿಲೋಮೀಟರ್ ಉದ್ದದ ಒರಟು ಬಂಡೆಯ ಕೊಳವೆಯನ್ನು ದಾಟಿ ಹೊರಬಂದೊಡನೆ ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಸುರಂಗದ ಬಾಯಲ್ಲಿ ಕಾಯುವ ವಾಹನಗಳ ಮೇಲೆ ಕಿಯಾ ಎಂಬ ಬೆಟ್ಟದ ಗಿಳಿಗಳು ಬಂದು ಕೂತು ಕಿಟಕಿಯ ರಬ್ಬರನ್ನು ಕೊಕ್ಕಿನಿಂದ ಎಳೆಯುತ್ತವೆ; ತಿಂಡಿ ಹಾಕಬಾರದೆಂಬ ಫಲಕವನ್ನು ದಯವಿಟ್ಟು ಪಾಲಿಸಬೇಕು. ಟೆ ಆನೌ ಬಿಟ್ಟರೆ ಈ 120 ಕಿಲೋಮೀಟರಿನಲ್ಲಿ ಇಂಧನ ಸಿಗುವ ಭರವಸೆ ಇಟ್ಟುಕೊಳ್ಳಬಾರದು. ಚಳಿಗಾಲದಲ್ಲಾದರೆ ಹಿಮಕುಸಿತದ ಭಯದಿಂದ ರಸ್ತೆ ಮುಚ್ಚುವುದೂ ಉಂಟು.

ಮಿಲ್‌ಫರ್ಡಿನ ದೋಣಿ ವಿಹಾರ ಹಣ ಕೊಟ್ಟೇ ನೋಡಬೇಕಾದ ಸಂಗತಿ, ಮತ್ತು ಕೊಟ್ಟ ಹಣಕ್ಕೆ ಮೋಸವಿಲ್ಲ. ನೀರ್ಗಲ್ಲು ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಈ ಜಾಗದಲ್ಲಿ ಮೈಟರ್ ಪೀಕ್ ನೀರಿನಿಂದ ನೇರವಾಗಿ ಸುಮಾರು 1,700 ಮೀಟರ್ ಮೇಲೇಳುತ್ತದೆ. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 6,500 ಮಿಲಿಮೀಟರ್. ನಮ್ಮ ಆಗುಂಬೆ ಇದಕ್ಕಿಂತ ಹೆಚ್ಚು ಮಳೆ ಕಾಣುತ್ತದಾದರೂ ಅಲ್ಲಿ ಅದೆಲ್ಲ ಮುಂಗಾರಿನ ಕೆಲವೇ ತಿಂಗಳುಗಳಲ್ಲಿ ಸುರಿದುಬಿಡುತ್ತದೆ. ಮಿಲ್‌ಫರ್ಡಿನಲ್ಲಿ ವರ್ಷವಿಡೀ ಹಂಚಿ ಬೀಳುತ್ತದೆ. ಆದ್ದರಿಂದ ಬಿಸಿಲಿನ ದಿನಕ್ಕಾಗಿ ಕಾಯುತ್ತ ಕೂರುವುದು ವ್ಯರ್ಥ, ಕಾಯುವ ಅಗತ್ಯವೂ ಇಲ್ಲ. ಒಣ ದಿನಗಳಲ್ಲಿ ಲೇಡಿ ಬೋವನ್ ಮತ್ತು 151 ಮೀಟರ್ ಎತ್ತರದ ಸ್ಟರ್ಲಿಂಗ್ ಎಂಬ ಎರಡು ದೊಡ್ಡ ಜಲಪಾತಗಳು ಮಾತ್ರ ಕಾಣುತ್ತವೆ. ಮಳೆ ಬಿದ್ದ ಗಂಟೆಯೊಳಗೆ ಬಂಡೆಯ ಗೋಡೆಗಳ ತುಂಬ ನೂರಾರು ಬಿಳಿ ಎಳೆಗಳು ಇಳಿಯುತ್ತವೆ, ಗಾಳಿ ಜೋರಾದರೆ ಅವುಗಳಲ್ಲಿ ಕೆಲವು ನೀರನ್ನು ಮುಟ್ಟುವ ಮುಂಚೆಯೇ ಹೊಗೆಯಾಗಿ ಚದುರಿಹೋಗುತ್ತವೆ. ಕಾಡಿನ ಎಲೆಕಸದ ಬಣ್ಣ ಹೊತ್ತ ಆ ಮಳೆನೀರು ಸಮುದ್ರದ ಉಪ್ಪುನೀರಿನ ಮೇಲೆ ಕಂದು ಪದರವಾಗಿ ನಿಂತು ಬೆಳಕನ್ನು ತಡೆಯುವುದರಿಂದ, ಬೇರೆಡೆ ಆಳದಲ್ಲಿ ಬೆಳೆಯುವ ಕಪ್ಪು ಹವಳ ಇಲ್ಲಿ ಕಡಿಮೆ ಆಳದಲ್ಲೇ ಬೆಳೆಯುತ್ತದೆ. ಬೆಳಗಿನ ಮೊದಲ ದೋಣಿ ಅಥವಾ ಸಂಜೆಯ ಕೊನೆಯ ದೋಣಿಯನ್ನು ಆರಿಸಿಕೊಂಡರೆ ಕ್ವೀನ್ಸ್‌ಟೌನಿನಿಂದ ಬರುವ ಬಸ್ಸುಗಳ ಜನಸಂದಣಿ ತಪ್ಪುತ್ತದೆ. ದಡದಲ್ಲಿ ಸ್ಯಾಂಡ್‌ಫ್ಲೈ ನೊಣಗಳ ಕಾಟ ವಿಪರೀತ. ತೋಳು ಮುಚ್ಚುವ ಅಂಗಿ ಇರಲಿ.

ಉತ್ತರ ದ್ವೀಪದ ಟೊಂಗಾರಿರೊ ದಾಟುಹಾದಿ ಬೇರೆಯೇ ಬಗೆಯದು. ಸುಮಾರು 20 ಕಿಲೋಮೀಟರ್, ಆರರಿಂದ ಎಂಟು ಗಂಟೆ, ಜೀವಂತ ಜ್ವಾಲಾಮುಖಿಗಳ ನಡುವೆ. ಒಂದು ತುದಿಯಲ್ಲಿ ಹತ್ತಿ ಇನ್ನೊಂದು ತುದಿಯಲ್ಲಿ ಇಳಿಯಬೇಕಾದ್ದರಿಂದ ಶಟಲ್ ಬಸ್ಸಿಗೆ ಹಣ ಕೊಡಲೇಬೇಕು. ಹವಾಮಾನ ಕೆಟ್ಟರೆ ಶಟಲ್‌ನವರು ತಾವೇ ಪ್ರಯಾಣ ರದ್ದು ಮಾಡುತ್ತಾರೆ. ನಮ್ಮ ಮೊದಲ ದಿನದ ಬುಕಿಂಗ್ ಹೀಗೆಯೇ ಗಾಳಿಯಿಂದಾಗಿ ರದ್ದಾಯಿತು, ಕೇಳದೆಯೇ ಮರುದಿನಕ್ಕೆ ಬದಲಿಸಿಕೊಟ್ಟರು. ಇದನ್ನು ಲೋಪವೆಂದು ಯಾರೂ ಎಣಿಸಬಾರದು. 1,886 ಮೀಟರಿನ ರೆಡ್ ಕ್ರೇಟರ್ ಅಂಚಿನಲ್ಲಿ ನಿಂತಾಗ ಗಾಳಿ ಏನು ಮಾಡಬಲ್ಲದೆಂದು ತಿಳಿಯುತ್ತದೆ. ಅಲ್ಲಿಂದ ಇಳಿಯುವ ದಾರಿ ಸಡಿಲ ಜ್ವಾಲಾಮುಖಿ ಪುಡಿಯದು, ಹಿಮ್ಮಡಿ ಊರಿಯೇ ಇಳಿಯಬೇಕು. ಕೆಳಗೆ ಪಚ್ಚೆ ಬಣ್ಣದ ಮೂರು ಕೆರೆಗಳು, ಪಕ್ಕದಲ್ಲಿ ಗಂಧಕದ ಹೊಗೆ. ಈ ಶಿಖರಗಳನ್ನು 1887ರಲ್ಲಿ ನಾಟಿ ಟೂಫಾರೆಟೊವ ಬುಡಕಟ್ಟಿನ ಮುಖ್ಯಸ್ಥ ಟೆ ಹೆಯುಹೆಯು ಟುಕಿನೊ ದೇಶಕ್ಕೆ ಒಪ್ಪಿಸಿದರು. ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಈ ಬೆಟ್ಟಗಳೂ ಕೆರೆಗಳೂ ಪವಿತ್ರ. ಕೆರೆಯ ನೀರನ್ನು ಮುಟ್ಟಬೇಡಿ, ಶಿಖರಗಳ ನೆತ್ತಿ ಏರಬೇಡಿ ಎಂದು ಅವರು ಕೇಳಿಕೊಳ್ಳುತ್ತಾರೆ. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟು ದೇವರಗುಡ್ಡ ಹತ್ತುವ ನಾಡಿನಿಂದ ಹೋದವರಿಗೆ ಆ ಕೋರಿಕೆಯನ್ನು ಗೌರವಿಸುವುದು ಕಷ್ಟವಾಗಬಾರದು.

ಕಠಿಣ ಏರು ಬೇಡವೆನ್ನುವವರು, ವಯಸ್ಸಾದವರನ್ನು ಕರೆದೊಯ್ಯುವವರು ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿರುವ ಎಬೆಲ್ ಟಾಸ್ಮನ್ ಉದ್ಯಾನವನ್ನು ಆರಿಸಿಕೊಳ್ಳಲಿ. ಮರಹೌ ಊರಿನಲ್ಲಿ ವಾಟರ್ ಟ್ಯಾಕ್ಸಿಗೆ ಹತ್ತುವುದು ನೆಲದ ಮೇಲೆಯೇ: ದೋಣಿಯನ್ನು ಗಾಡಿಯ ಮೇಲಿಟ್ಟು, ಪ್ರಯಾಣಿಕರು ಲೈಫ್ ಜಾಕೆಟ್ ತೊಟ್ಟು ಕೂತ ಮೇಲೆ, ಟ್ರ್ಯಾಕ್ಟರ್ ಅದನ್ನು ಊರ ರಸ್ತೆಯಲ್ಲೇ ಎಳೆದುಕೊಂಡು ಹೋಗಿ ಇಳಿತದ ಮರಳು ದಾಟಿಸಿ ನೀರಿಗೆ ಇಳಿಸುತ್ತದೆ. ಬೇಕಾದ ಕೊಲ್ಲಿಯಲ್ಲಿ ಇಳಿದು, ಬೇಕಾದಷ್ಟು ದೂರ ಕರಾವಳಿಯ ದಾರಿಯಲ್ಲಿ ನಡೆದು, ಇನ್ನೊಂದು ಕೊಲ್ಲಿಯಲ್ಲಿ ಮತ್ತೆ ದೋಣಿ ಹಿಡಿಯಬಹುದು. ಇಡೀ ದಾರಿ ನಡೆಯುವವರು ಅವರೋವಾ ಅಳಿವೆಯನ್ನು ಸಮುದ್ರ ಇಳಿದಿರುವ ಹೊತ್ತಿನಲ್ಲಿ ಮಾತ್ರ ದಾಟಲು ಸಾಧ್ಯವಾದ್ದರಿಂದ ಭರತ ಇಳಿತದ ವೇಳಾಪಟ್ಟಿ ಕೈಯಲ್ಲಿರಬೇಕು. ಈ ದೋಣಿ ಸೇವೆಗೆ ಕೊಟ್ಟ ಹಣ ಇಡೀ ಪ್ರವಾಸದಲ್ಲೇ ಅತಿ ಸಾರ್ಥಕವಾದದ್ದು.

ಸಾಹಸ ಕ್ರೀಡೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ವೀನ್ಸ್‌ಟೌನ್ ಬಳಿಯ ಕವರೌ ಸೇತುವೆಯಲ್ಲಿ 1988ರಲ್ಲಿ ಜಗತ್ತಿನ ಮೊದಲ ವಾಣಿಜ್ಯ ಬಂಜಿ ಜಿಗಿತ ಶುರುವಾಯಿತು. 43 ಮೀಟರ್ ಎತ್ತರದಿಂದ ಜಿಗಿಯುವವರನ್ನು ನೋಡಲು ಅಲ್ಲಿ ಹಣ ಕೊಡಬೇಕಿಲ್ಲ. ಹರೆಯದವರು ಒಮ್ಮೆ ಜಿಗಿಯಲಿ, ಅಲ್ಲಿನ ಸಿಬ್ಬಂದಿಯ ಶಿಸ್ತು ನಂಬಿಕೆ ಹುಟ್ಟಿಸುತ್ತದೆ. ಆದರೆ ಒಂದೇ ಬಜೆಟ್ಟಿನಲ್ಲಿ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ವೈಟೊಮೊ ಗುಹೆಗಳಿಗೆ ಹೋಗಬೇಕೆಂದು ನಾನು ಹೇಳುತ್ತೇನೆ. ಕತ್ತಲ ಗುಹೆಯೊಳಗಿನ ಹೊಳೆಯಲ್ಲಿ ಸದ್ದಿಲ್ಲದೆ ಸಾಗುವ ದೋಣಿಯಿಂದ ತಲೆಯೆತ್ತಿದರೆ ಚಾವಣಿಯ ತುಂಬ ನೀಲಿ ಹಸಿರು ಬೆಳಕಿನ ಚುಕ್ಕೆಗಳು. ಆ ಬೆಳಕು ಒಂದು ಜಾತಿಯ ಕೀಟದ ಮರಿಹುಳುಗಳದು, ಅಂಟಿನ ಎಳೆಗಳನ್ನು ಇಳಿಬಿಟ್ಟು ಬೇಟೆಯನ್ನು ಸೆಳೆಯಲು ಅವು ಹೊಳೆಯುತ್ತವೆ. ಖರ್ಚಿಲ್ಲದ ಇನ್ನೊಂದು ಬೆಳಕು ಟೆಕಾಪೊ ಕೆರೆಯ ಬಳಿ ಸಿಗುತ್ತದೆ. 2012ರಿಂದ ಅಂತರರಾಷ್ಟ್ರೀಯ ಮನ್ನಣೆ ಪಡೆದ ಕತ್ತಲಾಕಾಶದ ವಲಯ ಅದು. ಬೀದಿದೀಪಗಳೆಲ್ಲ ನೆಲದ ಕಡೆಗೇ ಮುಖ ಮಾಡಿರುತ್ತವೆ. ನಮ್ಮ ಮಹಾವ್ಯಾಧ ಅಲ್ಲಿ ತಲೆಕೆಳಗಾಗಿ ನಿಂತಿರುತ್ತಾನೆ. ನಮ್ಮ ಆಕಾಶದಲ್ಲಿ ದಿಗಂತದ ಮಬ್ಬು ದಾಟಿ ಮೇಲೇರದ, ಮೆಗೆಲನ್ ಮೋಡಗಳು ಎಂಬ ಎರಡು ಗೆಲಾಕ್ಸಿಗಳು ಬರಿಗಣ್ಣಿಗೇ ಕಾಣುತ್ತವೆ.

ನಗರಗಳಲ್ಲಿ ನನ್ನ ಮೆಚ್ಚುಗೆ ವೆಲಿಂಗ್ಟನ್‌ಗೆ. ಲ್ಯಾಂಬ್ಟನ್ ಕೀ ಬೀದಿಯಿಂದ ಗುಡ್ಡದ ಮೇಲಿನ ಸಸ್ಯೋದ್ಯಾನಕ್ಕೆ ಏರುವ ಕೆಂಪು ಕೇಬಲ್ ಕಾರ್ 1902ರಿಂದ ನಡೆಯುತ್ತಿದೆ; ಅದರಲ್ಲಿ ಮೇಲೆ ಹೋಗಿ ಉದ್ಯಾನದೊಳಗಿಂದ ನಡೆದು ಇಳಿಯುವುದು ಚೆಂದ. 1998ರಲ್ಲಿ ತೆರೆದ ಟೆ ಪಾಪಾ ವಸ್ತುಸಂಗ್ರಹಾಲಯ ಈಗ ವಿದೇಶಿ ವಯಸ್ಕರಿಂದ 35 ಡಾಲರ್ ಪಡೆಯುತ್ತದೆ. ಮಾವೊರಿ ಸಭಾಭವನದ ಕೆತ್ತನೆ, ಭೂಕಂಪದ ವಿಭಾಗ, ಬೃಹತ್ ಸ್ಕ್ವಿಡ್ ಇವನ್ನು ಅರ್ಧ ದಿನ ಕೊಟ್ಟು ನೋಡುವವರಿಗೆ ಅದು ಹೆಚ್ಚಲ್ಲ, ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ಹೋಗುವವರಿಗೆ ಹೆಚ್ಚೇ. ನಗರದ ಮಗ್ಗುಲಲ್ಲೇ ಇರುವ ಝೀಲ್ಯಾಂಡಿಯಾ ಎಂಬ ವನ್ಯಜೀವಿಧಾಮವನ್ನಂತೂ ಬಿಡಲೇಬಾರದು. ಹಳೆಯ ಜಲಾಶಯದ ಕಣಿವೆಯ 225 ಹೆಕ್ಟೇರ್ ಕಾಡಿಗೆ 8.6 ಕಿಲೋಮೀಟರ್ ಉದ್ದದ ಬೇಲಿ ಹಾಕಿದ್ದಾರೆ. ಇಲಿ ನುಸುಳದಷ್ಟು ಸಣ್ಣ ಕಣ್ಣಿನ ಬಲೆ, ಬೆಕ್ಕು ಏರಿದರೂ ದಾಟಲಾಗದಂತೆ ಮೇಲ್ತುದಿಯಲ್ಲಿ ಬಾಗಿದ ತಗಡು, ಬಿಲ ತೋಡಿ ಬರದಂತೆ ನೆಲದಡಿಗೂ ಚಾಚಿದ ಬಲೆ. ಒಳಗೆ ಹೋಗುವಾಗ ಚೀಲವನ್ನು ಬಿಚ್ಚಿ, ಇಲಿಯೇನಾದರೂ ಹೊಕ್ಕಿದೆಯೇ ನೋಡಿಕೊಳ್ಳಿ ಎಂದು ನಿಜವಾಗಿಯೂ ಕೇಳುತ್ತಾರೆ. ಅಲ್ಲಿ ಬಿಟ್ಟ ಕಾಕಾ ಗಿಳಿಗಳು ಹೆಚ್ಚಿ ಇಂದು ನಗರದ ಮನೆಗಳ ಅಂಗಳದವರೆಗೂ ಹಾರಿ ಬರುತ್ತಿವೆ. ಡೈನೊಸಾರ್ ಕಾಲದ ಕುಲದ ಕೊನೆಯ ಕೊಂಡಿಯಾದ ಟುವಾಟಾರಾ ಎಂಬ ಹಲ್ಲಿಯಂಥ ಸರೀಸೃಪ ದಾರಿಯ ಪಕ್ಕದಲ್ಲೇ ಬಿಸಿಲು ಕಾಯಿಸುತ್ತ ಕೂತಿರುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದೆ.

ಕ್ರೈಸ್ಟ್‌ಚರ್ಚ್ 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನರನ್ನು ಕಳೆದುಕೊಂಡ ಊರು. ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ರಟ್ಟಿನ ಕೊಳವೆಗಳನ್ನು ಬಳಸಿ ರೂಪಿಸಿದ ಇಗರ್ಜಿಯನ್ನೂ 2018ರಲ್ಲಿ ತೆರೆದ ಟೂರಂಗ ಗ್ರಂಥಾಲಯವನ್ನೂ ಏವನ್ ನದಿಯ ದಡದ ಸ್ಮಾರಕ ಗೋಡೆಯನ್ನೂ ನೋಡಿಕೊಂಡು, ಮರುದಿನ ಪಶ್ಚಿಮ ಕರಾವಳಿಯ ಗ್ರೇಮೌತ್‌ಗೆ ಟ್ರಾನ್ಸ್‌ಆಲ್ಪೈನ್ ರೈಲು ಹಿಡಿಯಬಹುದು. 223 ಕಿಲೋಮೀಟರಿಗೆ ಸುಮಾರು ಐದು ಗಂಟೆ. ಟಿಕೆಟ್ ದುಬಾರಿ, ಆದರೆ ಕಿಟಕಿಗಾಜಿಲ್ಲದ ತೆರೆದ ಬೋಗಿಯಲ್ಲಿ ನಿಂತು ದಕ್ಷಿಣದ ಆಲ್ಪ್ಸ್ ದಾಟುವ ಅವಕಾಶ ಕಾರಿನಲ್ಲಿ ಸಿಗದು. ಆಕ್ಲೆಂಡಿಗೆ ಒಂದು ದಿನ ಸಾಕು. 328 ಮೀಟರಿನ ಸ್ಕೈ ಟವರ್ ಏರುವ ಬದಲು ಮೌಂಟ್ ಈಡನ್ ಜ್ವಾಲಾಮುಖಿಯ ನೆತ್ತಿಗೆ ನಡೆದು ಹೋದರೆ ನಗರವೂ ಎರಡು ಬಂದರುಗಳೂ ಹುಲ್ಲು ಬೆಳೆದ ಕುಳಿಯೂ ಖರ್ಚಿಲ್ಲದೆ ಕಾಣುತ್ತವೆ. ಊಟಕ್ಕೆ ಸ್ಯಾಂಡ್ರಿಂಗ್‌ಹ್ಯಾಮ್ ಬಡಾವಣೆಗೆ ಹೋಗಿ. ಭಾರತೀಯ ದಿನಸಿ ಅಂಗಡಿಗಳೂ ಹೋಟೆಲುಗಳೂ ಅಲ್ಲಿ ಸಾಲಾಗಿವೆ.

ಹೋಗುವ ಕಾಲದ ಬಗ್ಗೆ ಕೊನೆಯ ಮಾತು. ಅಲ್ಲಿ ಬೇಸಿಗೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆಗ ದರವೂ ಜನವೂ ಹೆಚ್ಚು. ಮಕ್ಕಳ ರಜೆ ನೋಡಿ ಹೊರಡುವ ನಮ್ಮವರಿಗೆ ಏಪ್ರಿಲ್ ಅನುಕೂಲ: ಶರತ್ಕಾಲದ ಹಳದಿ ಕೆಂಪು ಎಲೆಗಳಿಗೆ ಹೆಸರಾದ ಆರೋಟೌನ್ ಆಗಲೇ ಸೊಗಸು. ದಸರಾ ರಜೆಯಲ್ಲಿ ಹೋದರೆ ವಸಂತ, ಆದರೆ ಎತ್ತರದ ದಾರಿಗಳಲ್ಲಿ ಹಿಮ ಉಳಿದಿರುತ್ತದೆ. ವಾನಾಕದ ರಾಯ್ಸ್ ಪೀಕ್ ಹಾದಿಯನ್ನು ಕುರಿಗಳು ಮರಿ ಹಾಕುವ ಕಾಲವೆಂದು ಅಕ್ಟೋಬರ್ 1ರಿಂದ ನವೆಂಬರ್ 10ರವರೆಗೆ ಮುಚ್ಚುತ್ತಾರೆ. ರಾತ್ರಿ ತಂಗುವ ಗ್ರೇಟ್ ವಾಕ್ ಚಾರಣಗಳಿಗೆ ವಿದೇಶಿಯರಿಂದ ಹೆಚ್ಚಿನ ದರ ಪಡೆಯುತ್ತಾರೆ, ಆದರೂ ಜಾಗ ಸಿಗುವುದು ಕಷ್ಟ. ಸ್ವತಂತ್ರವಾಗಿ ನಡೆಯುವವರಿಗೆ ದಿನಕ್ಕೆ 40 ಜನರನ್ನಷ್ಟೇ ಬಿಡುವ ಮಿಲ್‌ಫರ್ಡ್ ಟ್ರ್ಯಾಕಿನ ತಂಗುಮನೆಗಳು ಬುಕಿಂಗ್ ತೆರೆದ ಕೆಲವೇ ಹೊತ್ತಿನಲ್ಲಿ ಭರ್ತಿಯಾಗುತ್ತವೆ. ಅಂಥ ಚಾರಣದ ಆಸೆ ಇರುವವರು ಡಾಕ್ ಜಾಲತಾಣದಲ್ಲಿ ಬುಕಿಂಗ್ ತೆರೆಯುವ ದಿನವನ್ನು ಗುರುತು ಹಾಕಿಟ್ಟುಕೊಂಡು, ತಂಗುಮನೆ ಸಿಕ್ಕ ದಿನಾಂಕಕ್ಕೆ ಹೊಂದಿಸಿ ವಿಮಾನದ ಟಿಕೆಟ್ ತೆಗೆದುಕೊಳ್ಳಲಿ.